ಫೋನಿಗೆ ಕನ್ನಡದಲ್ಲಿ ಕೇಳುವುದು: ಎಲ್ಲಿ ತಪ್ಪುತ್ತದೆ, ಹೇಗೆ ಸರಿ ಮಾಡುವುದು

"ಜಗಳೂರಲ್ಲಿ ನಾಳೆ ಮಳೆ ಬರ್ತೈತಾ?"

ಇಷ್ಟನ್ನು ಫೋನಿಗೆ ಕೇಳಿ ಸರಿಯಾದ ಉತ್ತರ ಪಡೆಯುವುದು ಹೇಗೆ ಅಂತ ಹೇಳುತ್ತೇನೆ. ಉತ್ತರ ತಪ್ಪಾಗಿ ಬಂದರೆ ಎಲ್ಲಿ ಕೈ ಹಾಕಬೇಕು ಅನ್ನುವುದನ್ನೂ ಹೇಳುತ್ತೇನೆ, ನಿಜವಾಗಿ ಬೇಕಾಗಿರುವುದು ಅದೇ. ನಮ್ಮ ಕಡೆ, ದಾವಣಗೆರೆ ಇರಲಿ ಚಿತ್ರದುರ್ಗ ಇರಲಿ, ಎರಡು ಸಲ ತಪ್ಪು ಉತ್ತರ ಬಂದರೆ ಸಾಕು, "ಇದಕ್ಕೆ ನಮ್ಮ ಕನ್ನಡ ಬರಲ್ಲ ಬಿಡ್ರಿ" ಅಂತ ಫೋನನ್ನು ಜೇಬಿಗೆ ಇಟ್ಟುಬಿಡುತ್ತಾರೆ. ಅಜ್ಜಿ ಏನಾದರೂ ಕೇಳಿದರೆ ಮೊಮ್ಮಕ್ಕಳು "ಹಂಗಲ್ಲ ಅಜ್ಜಿ, ಪುಸ್ತಕದಲ್ಲಿ ಇರೋ ಥರ ಮಾತಾಡು" ಅಂತ ತಿದ್ದುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಇಲ್ಲಿ. ಟೈಪ್ ಮಾಡಲು ಬರದವರು, ಕಣ್ಣು ಮಂಜಾದವರು, ಕೈಗೆ ಮಣ್ಣು ಮೆತ್ತಿಕೊಂಡು ಹೊಲದಲ್ಲಿ ನಿಂತವರು, ಇವರಿಗೇ ಈ ಸೌಲಭ್ಯ ಎಲ್ಲರಿಗಿಂತ ಜಾಸ್ತಿ ಬೇಕು. ಅವರ ಮಾತು ಸರಿಯಾಗಿಯೇ ಇದೆ. ತಪ್ಪು ಬೇರೆ ಕಡೆ ಆಗಿರುತ್ತದೆ, ಎಲ್ಲಿ ಅಂತ ಹುಡುಕಬಹುದು.

ಫೋನು ನಿಮ್ಮ ಮಾತನ್ನು ಒಂದೇ ಏಟಿಗೆ ಅರ್ಥ ಮಾಡಿಕೊಳ್ಳುವುದಿಲ್ಲ. ಒಂದರ ಹಿಂದೆ ಒಂದು ಕೆಲಸ ನಡೆಯುತ್ತದೆ. ಮೊದಲು ಎಚ್ಚರವಾಗಬೇಕು, ಆಮೇಲೆ ದನಿ ಹಿಡಿಯಬೇಕು, ದನಿಯನ್ನು ಅಕ್ಷರ ಮಾಡಬೇಕು, ಆ ಅಕ್ಷರದಿಂದ ನಿಮಗೆ ಏನು ಬೇಕು ಅಂತ ತಿಳಿಯಬೇಕು, ಆ ಕೆಲಸ ಮಾಡಬೇಕು, ಕೊನೆಗೆ ಬಾಯಿಬಿಟ್ಟು ಹೇಳಬೇಕು. ಈ ಕೆಲಸ ಮಾಡುವ, ಬಾಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ಆ್ಯಪ್‌ಗೆ ಅಸಿಸ್ಟೆಂಟ್ ಅನ್ನುತ್ತಾರೆ. ಹೊಸ ಅಸಿಸ್ಟೆಂಟ್‌ಗಳಲ್ಲಿ ಇವುಗಳಲ್ಲಿ ಕೆಲವು ಒಂದರೊಳಗೊಂದು ಬೆರೆತಿರುತ್ತವೆ, ಆದರೂ ತಪ್ಪು ಹುಡುಕಲು ಈ ಸಾಲು ಸಾಕು. ಯಾಕೆಂದರೆ ಪ್ರತಿ ಕಡೆ ಆಗುವ ತಪ್ಪಿಗೂ ಅದರದ್ದೇ ಗುರುತು ಇದೆ.

ಮೊದಲು ಭಾಷೆ ನೋಡಿಕೊಳ್ಳಿ

ನೀವು ಕನ್ನಡದಲ್ಲಿ ಕೇಳಿದ್ದು ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಪದಗಳಾಗಿ ಬರುತ್ತಿದೆಯಾ? ಹಾಗಾದರೆ ಬೇರೆ ಏನೂ ಹುಡುಕಬೇಡಿ. ಅಸಿಸ್ಟೆಂಟ್‌ನ ಭಾಷೆ ಇಂಗ್ಲಿಷ್ ಅಂತ ಇದೆ. ಅಂಗಡಿಯಿಂದ ತಂದ ಫೋನು ಸಾಮಾನ್ಯವಾಗಿ ಹೀಗೇ ಇರುತ್ತದೆ. ಕೇಳಿದ ಪ್ರತಿ ದನಿಯನ್ನೂ ಅದು ಇಂಗ್ಲಿಷ್ ಪದಕ್ಕೆ ಹೊಂದಿಸಲು ಹೆಣಗುತ್ತದೆ.

ಗೂಗಲ್‌ನ ವಾಯ್ಸ್ ಟೈಪಿಂಗ್‌ಗೆ, ಅಂದರೆ ಮಾತಾಡಿದ್ದನ್ನು ಅಕ್ಷರದಲ್ಲಿ ಬರೆಯುವ ಸೌಲಭ್ಯಕ್ಕೆ, ಕನ್ನಡ ಬಂದಿದ್ದು 2017ರ ಆಗಸ್ಟ್‌ನಲ್ಲಿ. ಗೂಗಲ್‌ನದೇ ಹೊಸ ಅಸಿಸ್ಟೆಂಟ್ ಆದ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿ ಇಂಗ್ಲಿಷ್ ಜೊತೆ ಒಂಬತ್ತು ಭಾರತೀಯ ಭಾಷೆಗಳಿದ್ದವು, ಕನ್ನಡವೂ ಒಂದು. ಅಂದರೆ ಸೌಲಭ್ಯ ಇದೆ, ಆನ್ ಮಾಡಿಕೊಳ್ಳಬೇಕು ಅಷ್ಟೇ. ಎರಡು ಕಡೆ ಮಾಡಬೇಕು. ಒಂದು, ಅಸಿಸ್ಟೆಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜ್ ಅಂತ ಇರುವಲ್ಲಿ ಕನ್ನಡ ಆರಿಸಿ. ಇನ್ನೊಂದು, ಕೀಬೋರ್ಡ್‌ನಲ್ಲಿ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಇದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಲ್ಯಾಂಗ್ವೇಜಸ್‌ನಲ್ಲಿ ಕನ್ನಡ ಸೇರಿಸಿ. ಎಷ್ಟೋ ಜನ ಒಂದು ಕಡೆ ಮಾಡಿ ಇನ್ನೊಂದು ಬಿಡುತ್ತಾರೆ, ಆಮೇಲೆ "ವಾಟ್ಸಾಪಲ್ಲಿ ಕನ್ನಡ ಬರುತ್ತೆ, ಅಸಿಸ್ಟೆಂಟಲ್ಲಿ ಬರಲ್ಲ" ಅಂತಾರೆ. ಎರಡೂ ಬೇರೆ ಬೇರೆ.

ಎಚ್ಚರವಾಗುವುದು

"ಹೇ ಗೂಗಲ್" ಅಥವಾ "ಅಲೆಕ್ಸಾ" ಅಂತ ಕೂಗಿದಾಗ ಎದ್ದೇಳುವುದು ಒಂದು ಪುಟ್ಟ ಪ್ರೋಗ್ರಾಂ. ಅದು ಫೋನಿನ ಒಳಗೇ ಇರುತ್ತದೆ. ಅದಕ್ಕೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಆ ಒಂದು ಕೂಗಿನ ದನಿ ಮಾತ್ರ ಗೊತ್ತು. ಕಳೆದ ಕೆಲವು ಕ್ಷಣದ ದನಿಯನ್ನು ಇಟ್ಟುಕೊಂಡು ನೋಡುತ್ತದೆ, ಕೂಗು ಅಲ್ಲ ಅನ್ನಿಸಿದರೆ ಅಳಿಸುತ್ತದೆ, ಮತ್ತೆ ಹೊಸದನ್ನು ಹಿಡಿಯುತ್ತದೆ.

ಎದ್ದೇಳುತ್ತಿಲ್ಲ ಅಂದರೆ ಮೊದಲು ಬ್ಯಾಟರಿ ಸೇವರ್ ನೋಡಿ. ಅದು ಆನ್ ಇದ್ದರೆ ಈ ಪುಟ್ಟ ಕಿವಿ ಮುಚ್ಚಿಕೊಳ್ಳುವುದು ಸಾಮಾನ್ಯ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ದನಿ ಗುರುತಿಸಲು ಇರುವ ವಾಯ್ಸ್ ಮ್ಯಾಚ್‌ನಲ್ಲಿ ನಿಮ್ಮ ದನಿಯನ್ನು ಮತ್ತೆ ಕಲಿಸಿ. ಕಲಿಸುವಾಗ ದಿನಾ ಮಾತಾಡುವ ದನಿಯಲ್ಲೇ ಹೇಳಿ, ಟಿವಿ ಆಫ್ ಮಾಡಿ. ಆದರೂ ನನ್ನನ್ನು ಕೇಳಿದರೆ, ಹಿರಿಯರಿಗೆ ಈ ಕೂಗುವ ಗೋಜೇ ಬೇಡ. ಮೈಕಿನ ಗುರುತನ್ನು ಹೋಂ ಸ್ಕ್ರೀನ್ ಮೇಲೆ ದೊಡ್ಡದಾಗಿ ಇಟ್ಟುಕೊಡಿ, ಒತ್ತಿ ಮಾತಾಡಲಿ. ಒಂದು ಹಂತ ಕಡಿಮೆಯಾದರೆ ಒಂದು ತಪ್ಪು ಕಡಿಮೆ.

ದನಿ ಹಿಡಿಯುವುದು

ಇಲ್ಲಿಂದ ವಿಷಯ ಸ್ವಲ್ಪ ಆಳಕ್ಕೆ ಹೋಗುತ್ತದೆ. ಮೈಕು ಗಾಳಿಯ ಅಲುಗಾಟವನ್ನು ಅಳೆಯುತ್ತದೆ. ಮಾತು ಗುರುತಿಸುವ ಕೆಲಸಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ. ಸಾದಾ ಫೋನ್ ಕರೆಯಲ್ಲಿ ಇದು 8,000 ಇರುತ್ತದೆ, ಅದರಲ್ಲೂ 300ರಿಂದ 3,400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಅಲುಗುವುದು) ನಡುವಿನ ದನಿ ಮಾತ್ರ ದಾಟುತ್ತದೆ. "ಸ" ಥರದ ದನಿಯ ಜೀವ ಅದಕ್ಕಿಂತ ಮೇಲಿರುತ್ತದೆ. ಕರೆಯಲ್ಲಿ ಹೆಸರು ಹೇಳುವಾಗ "ಸ ನಾ ಫ ನಾ?" ಅಂತ ಮತ್ತೆ ಮತ್ತೆ ಕೇಳಬೇಕಾಗುವುದು ಇದಕ್ಕೇ.

ಇದರಿಂದ ಒಂದು ಉಪಯೋಗದ ಮಾತು ಸಿಗುತ್ತದೆ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಬಳಸಿದಾಗ ಕೆಲವು ಹೆಡ್‌ಸೆಟ್‌ಗಳು ಫೋನ್ ಕರೆಯ ಆ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತವೆ. ಹಾಡು ಚೆನ್ನಾಗಿ ಕೇಳಿಸುತ್ತದೆ, ಮೈಕು ಮಾತ್ರ ಮಂದ. ಬೈಕಿನಲ್ಲಿ ಇಯರ್‌ಬಡ್ ಹಾಕಿಕೊಂಡು ಕೇಳಿದ್ದು ತಪ್ಪುತ್ತಿದ್ದರೆ, ಗಾಡಿ ನಿಲ್ಲಿಸಿ, ಬಡ್ ತೆಗೆದು, ಫೋನಿಗೇ ನೇರವಾಗಿ ಕೇಳಿ ನೋಡಿ. ಸರಿಯಾದರೆ ತಪ್ಪು ಬಡ್‌ನದ್ದು.

ಫೋನಿನ ಮೈಕು ಕೆಳ ಅಂಚಿನ ಸಣ್ಣ ತೂತಿನಲ್ಲಿ ಇರುತ್ತದೆ. ಕವರ್ ಮುಚ್ಚಿರಬಹುದು, ಕಿರುಬೆರಳು ಅಡ್ಡ ಇರಬಹುದು, ಧೂಳು ತುಂಬಿರಬಹುದು. ಮಂಡಕ್ಕಿ ಭಟ್ಟಿಯಲ್ಲಿ, ಮೆಕ್ಕೆಜೋಳ ಒಕ್ಕುವ ಕಣದಲ್ಲಿ ಕೆಲಸ ಮಾಡುವವರ ಫೋನಿನಲ್ಲಿ ಈ ತೂತನ್ನೇ ಮೊದಲು ನೋಡಬೇಕು. ಒಣಗಿದ ಮೆತ್ತನೆ ಬ್ರಷ್‌ನಿಂದ ಒರೆಸಿ, ಪಿನ್ ಚುಚ್ಚಬೇಡಿ. ಬಾಯಿಂದ ಒಂದು ಗೇಣು ದೂರ ಹಿಡಿದರೆ ಸಾಕು. ತೀರಾ ಹತ್ತಿರ ಹಿಡಿದರೆ ಉಸಿರು ಬಡಿದು "ಪ", "ಬ" ಒಡೆಯುತ್ತವೆ.

ಗದ್ದಲದ ಬಗ್ಗೆಯೂ ಒಂದು ಮಾತು. ಫೋನಿನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮೈಕು ಇರುತ್ತವೆ. ಅಮೆಜಾನ್ 2014ರಲ್ಲಿ ತಂದ ಅಲೆಕ್ಸಾ ಇರುವ ಮೊದಲ ಎಕೋ ಸ್ಪೀಕರ್‌ನಲ್ಲಿ ಏಳು ಇದ್ದವು. ಒಂದೊಂದು ಮೈಕಿಗೆ ದನಿ ತಲುಪುವ ಸಣ್ಣ ವ್ಯತ್ಯಾಸ ನೋಡಿ ಮಾತು ಯಾವ ದಿಕ್ಕಿನಿಂದ ಬಂತು ಅಂತ ಲೆಕ್ಕ ಹಾಕುತ್ತವೆ, ಬೇರೆ ದಿಕ್ಕಿನ ಸದ್ದನ್ನು ತಗ್ಗಿಸುತ್ತವೆ. ಫ್ಯಾನ್, ಮಿಕ್ಸಿ, ಪಂಪ್‌ಸೆಟ್ಟಿನಂತೆ ಒಂದೇ ಸಮ ಇರುವ ಸದ್ದನ್ನು ತೆಗೆಯುವುದು ಸುಲಭ. ಇನ್ನೊಬ್ಬರ ಮಾತನ್ನು ತೆಗೆಯುವುದು ಕಷ್ಟ, ಅದೂ ಮಾತೇ ಅಲ್ವಾ! ಹಾಗಾಗಿ ಫ್ಯಾನ್ ಆರಿಸುವುದಕ್ಕಿಂತ ಟಿವಿ ಆರಿಸುವುದರಿಂದ ಜಾಸ್ತಿ ಲಾಭ.

ಇನ್ನು ಮಾತು ಅರ್ಧಕ್ಕೇ ತುಂಡಾಗುವುದು. "ಜಗಳೂರಲ್ಲಿ…" ಅಂದು ನೀವು ಯೋಚಿಸುವಷ್ಟರಲ್ಲಿ ಅದು ಹುಡುಕಲು ಹೊರಟುಬಿಟ್ಟಿರುತ್ತದೆ. ಮಾತು ಮುಗಿಯಿತು ಅಂತ ಗೊತ್ತಾಗುವುದು ಮೌನದಿಂದ, ಆ ಮೌನ ಒಂದು ಸೆಕೆಂಡಿನಷ್ಟೂ ಇರಬೇಕಿಲ್ಲ. ವಯಸ್ಸಾದವರು ನಡುವೆ ಉಸಿರು ತೆಗೆದುಕೊಳ್ಳುತ್ತಾರೆ, ಅವರಿಗೆ ಇದೇ ದೊಡ್ಡ ತೊಂದರೆ. ಎರಡು ಉಪಾಯ ಇದೆ. ಪೂರ್ತಿ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಆಮೇಲೆ ಮೈಕ್ ಒತ್ತುವುದು ಒಂದು. ನಡುವೆ ನಿಲ್ಲಿಸಬೇಕಾದರೆ ಸುಮ್ನೆ ಇರದೆ "ಅದೂ…" ಅಂತ ರಾಗ ಎಳೆಯುವುದು ಇನ್ನೊಂದು. ಎಳೆದ ದನಿ ಇರುವವರೆಗೆ ಅದು ಕಾಯುವ ಸಾಧ್ಯತೆ ಜಾಸ್ತಿ.

ದನಿ ಅಕ್ಷರವಾಗುವುದು

ಹಿಡಿದ ದನಿಯನ್ನು ಸಣ್ಣ ಚೂರು ಮಾಡುತ್ತಾರೆ. ಒಂದೊಂದು ಚೂರು ಸುಮಾರು 25 ಮಿಲಿಸೆಕೆಂಡ್, ಹತ್ತು ಮಿಲಿಸೆಕೆಂಡಿಗೊಂದು ಹೊಸ ಚೂರು ಶುರು. ಅಂದರೆ ಚೂರುಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ನಮ್ಮ ಪ್ರಶ್ನೆ ಹೇಳಲು ಎರಡು ಸೆಕೆಂಡ್ ಬೇಕು ಅಂತಿಟ್ಟುಕೊಂಡರೆ ಸುಮಾರು 200 ಚೂರು. ಪ್ರತಿ ಚೂರಿನಲ್ಲಿ ತಗ್ಗು ದನಿ ಎಷ್ಟು, ಎತ್ತರದ ದನಿ ಎಷ್ಟು ಅಂತ ಅಳೆದರೆ ಮಾತಿನ ಒಂದು ಚಿತ್ರ ಸಿಗುತ್ತದೆ. ಸಾವಿರಾರು ಗಂಟೆ ಮಾತು ಕೇಳಿ ಕಲಿತಿರುವ ಪ್ರೋಗ್ರಾಂ ಆ ಚಿತ್ರ ನೋಡಿ, ಇಲ್ಲಿ ಯಾವ ಅಕ್ಷರ ಇರಬಹುದು ಅಂತ ಅಂದಾಜು ಹಾಕುತ್ತದೆ.

ಅದು ಒಂದೇ ಉತ್ತರ ಹಿಡಿದು ಕೂರುವುದಿಲ್ಲ, ಇದನ್ನು ಮುಖ್ಯವಾಗಿ ನೆನಪಿಡಿ. "ಜಗಳೂರಲ್ಲಿ ನಾಳೆ ಮಳೆ", "ಜಗಳ ಊರಲ್ಲಿ ನಾಳೆ ಮಳೆ", "ಜಗಳೂರಲ್ಲಿ ನಾಳೆ ಮೊಳೆ", ಹೀಗೆ ಹಲವು ಸಾಲುಗಳನ್ನು ಒಟ್ಟಿಗೆ ಇಟ್ಟುಕೊಂಡು ಒಂದೊಂದಕ್ಕೂ ಅಂಕ ಕೊಡುತ್ತದೆ. ದನಿಗೆ ಎಷ್ಟು ಹೊಂದುತ್ತದೆ ಅನ್ನುವುದು ಒಂದು ಲೆಕ್ಕ, ಜನ ಸಾಮಾನ್ಯವಾಗಿ ಹೀಗೆ ಮಾತಾಡುತ್ತಾರಾ ಅನ್ನುವುದು ಇನ್ನೊಂದು ಲೆಕ್ಕ. ದಾವಣಗೆರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕಂಡಕ್ಟರ್‌ಗೆ ನಿಮ್ಮ ಊರಿನ ಹೆಸರು ಅರ್ಧ ಕೇಳಿಸಿದರೂ, ತನ್ನ ಬಸ್ಸು ಹೋಗುವ ಊರುಗಳು ಗೊತ್ತಿರುವುದರಿಂದ ಸರಿಯಾದ ಟಿಕೆಟ್ಟೇ ಹರಿಯುತ್ತಾನಲ್ಲ, ಹಾಗೆ. ಆದರೆ ಇಲ್ಲಿರುವ ಕಂಡಕ್ಟರ್‌ಗೆ ಬೆಂಗಳೂರು, ಮೈಸೂರು ಚೆನ್ನಾಗಿ ಗೊತ್ತು, ಅಣಜಿ, ಬಿಳಿಚೋಡು ಅಷ್ಟಾಗಿ ಗೊತ್ತಿಲ್ಲ. ಸಂದೇಹ ಬಂದಾಗ ಹೆಸರಾದ ಊರಿಗೇ ಟಿಕೆಟ್ ಕೊಡುತ್ತಾನೆ.

ಕನ್ನಡಕ್ಕೆ ಇಲ್ಲಿ ಒಂದು ವಿಶೇಷ ಕಷ್ಟ ಇದೆ. ದಾವಣಗೆರೆ, ದಾವಣಗೆರೆಗೆ, ದಾವಣಗೆರೆಯಿಂದ, ದಾವಣಗೆರೆಲಿ, ದಾವಣಗೆರೆಯವರು, ದಾವಣಗೆರೆಯಿಂದಾನೇ. ನಮಗೆ ಊರು ಒಂದೇ. ಪದ ಎಣಿಸುವವರಿಗೆ ಆರು. ಪ್ರತಿ ಹೆಸರಿಗೂ ಹೀಗೆ ಬಾಲ ಬೆಳೆಯುವುದರಿಂದ ಎಲ್ಲ ರೂಪಗಳನ್ನೂ ಮೊದಲೇ ಕಲಿಸುವುದು ಆಗದ ಮಾತು. ಅದಕ್ಕೇ ಈಗಿನ ಪ್ರೋಗ್ರಾಂಗಳು ಪೂರ್ತಿ ಪದದ ಬದಲು ಪದದ ತುಂಡುಗಳನ್ನು ಕಲಿಯುತ್ತವೆ, ತುಂಡು ಜೋಡಿಸಿ ಪದ ಕಟ್ಟುತ್ತವೆ. ಅದರ ಮೇಲೆ ಬೆಳೆ, ಬೇಳೆ ಥರದ್ದು ಬೇರೆ. ಒಂದು ಸ್ವರ ಎಳೆದರೆ ಬೇರೆ ಅರ್ಥ. "ಇವತ್ತು ಬೆಳೆ ರೇಟ್ ಎಷ್ಟು" ಅಂದರೆ ತೊಗರಿಬೇಳೆಯ ದರ ಬಂದರೆ ಆಶ್ಚರ್ಯ ಇಲ್ಲ. "ಮೆಕ್ಕೆಜೋಳದ ರೇಟ್" ಅಂತ ಬೆಳೆಯ ಹೆಸರನ್ನೇ ಹೇಳಿಬಿಡಿ.

ಹಾಗಾದರೆ ಹೇಗೆ ಮಾತಾಡಬೇಕು? ನಿಮ್ಮ ಥರಾನೇ. ಒಂದೊಂದು ಅಕ್ಷರ ಬಿಡಿಸಿ "ಜ… ಗ… ಳೂ… ರು" ಅಂತ ಹೇಳಬೇಡಿ. ಪ್ರೋಗ್ರಾಂ ಕಲಿತಿರುವುದು ಜನ ಸಹಜವಾಗಿ ಆಡಿದ ಮಾತಿನಿಂದ, ಹಾಗೆ ಕಿತ್ತು ಹೇಳಿದರೆ ಅದು ಇನ್ನೂ ತಪ್ಪುತ್ತದೆ. ಕಿರುಚಿದರೂ ಅಷ್ಟೇ. ತಪ್ಪಿದಾಗ ನಮಗೆ ತಾನಾಗೇ ದನಿ ಏರುತ್ತದೆ, ಅದನ್ನು ತಡೆದುಕೊಳ್ಳಿ. ಹೆಸರಿನ ಹಿಂದೆ ಮುಂದೆ ಒಂದು ಚೂರು ಬಿಡುವು ಕೊಡಿ, ಹೆಸರನ್ನು ನುಂಗಬೇಡಿ, ಅಷ್ಟು ಸಾಕು. "ಬರ್ತೈತಾ" ಅನ್ನಿ, "ಬರುತ್ತಾ" ಅನ್ನಿ, "ಬರ್ತದೇನು" ಅನ್ನಿ, ಆ ಬಾಲ ಸ್ವಲ್ಪ ಹೆಚ್ಚುಕಡಿಮೆ ಆದರೂ ಮುಂದಿನ ಹಂತ ಸುಧಾರಿಸಿಕೊಳ್ಳುತ್ತದೆ. ಊರು, ದಿನ, ಮಳೆ, ಈ ಮೂರು ದಾಟಿದರೆ ಗೆದ್ದ ಹಾಗೆ. ಅಜ್ಜಿಗೆ "ಬರ್ತೈತಿ ಅನ್ನಬೇಡ" ಅಂತ ಹೇಳುವ ಅಗತ್ಯವೇ ಇಲ್ಲ.

ಊರಿನ ಹೆಸರು ತಪ್ಪುತ್ತಿದ್ದರೆ ಜೊತೆಗೆ ತಾಲ್ಲೂಕು ಸೇರಿಸಿ. "ರಾಂಪುರದಲ್ಲಿ ಮಳೆ" ಅಂದರೆ ಯಾವ ರಾಂಪುರ? ದೇಶದ ತುಂಬ ಇವೆ. "ಮೊಳಕಾಲ್ಮುರು ರಾಂಪುರ" ಅನ್ನಿ. ಹೊಸಹಳ್ಳಿಗಳಿಗೂ ಇದೇ ಮಾತು. ಪಕ್ಕದ ಪದ ಸಿಕ್ಕರೆ ಅಂಕದ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಮತ್ತೆ, ಮ್ಯಾಪಿನಲ್ಲಿ ಯಾವ ಹೆಸರಿದೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ. ನಾವು ಮಾರಿಕಣಿವೆ ಅನ್ನುತ್ತೇವೆ, ಮ್ಯಾಪು ವಾಣಿವಿಲಾಸ ಸಾಗರ ಅನ್ನಬಹುದು. ನಾವು ಸೂಳೆಕೆರೆ ಅಂದರೆ ಅದು ಶಾಂತಿಸಾಗರ ಅನ್ನಬಹುದು. ಒಂದು ಹೆಸರಿಗೆ ಸಿಗದಿದ್ದರೆ ಇನ್ನೊಂದು ಹೇಳಿ.

ತಪ್ಪು ಎಲ್ಲಿ ಅಂತ ಹಿಡಿಯುವ ಪರೀಕ್ಷೆ

ಈ ಬರಹದಲ್ಲಿ ಒಂದನ್ನೇ ಮಾಡಿ ನೋಡುವುದಾದರೆ ಇದನ್ನು ಮಾಡಿ. ಅಸಿಸ್ಟೆಂಟ್ ಬಿಡಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವ ಚಾಟ್ ತೆಗೆಯಿರಿ, ಇಲ್ಲವಾದರೆ ಯಾವುದಾದರೂ ನೋಟ್ಸ್ ಆ್ಯಪ್ ತೆಗೆಯಿರಿ. ಕೀಬೋರ್ಡಿನ ಮೈಕ್ ಒತ್ತಿ ಅದೇ ಪ್ರಶ್ನೆ ಕೇಳಿ. ಏನು ಬರೆಯಿತು ನೋಡಿ.

ಬರೆದದ್ದೇ ತಪ್ಪಾಗಿದ್ದರೆ ತೊಂದರೆ ಮೈಕು, ಗದ್ದಲ, ಅಥವಾ ಅಕ್ಷರ ಮಾಡುವ ಹಂತದಲ್ಲಿದೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕೇ. ಬರೆದದ್ದು ಸರಿ ಇದ್ದು, ಅಸಿಸ್ಟೆಂಟ್ ಮಾತ್ರ ಏನೇನೋ ಹೇಳುತ್ತಿದ್ದರೆ ಅದಕ್ಕೆ ನಿಮ್ಮ ಮಾತು ಕೇಳಿಸಿದೆ, ಅರ್ಥವಾಗಿಲ್ಲ. ಆಗ ಉಚ್ಚಾರ ತಿದ್ದಿಕೊಳ್ಳುವುದು ವ್ಯರ್ಥ, ಕೇಳುವ ರೀತಿ ಬದಲಿಸಬೇಕು. ಅಸಿಸ್ಟೆಂಟ್‌ನಲ್ಲೂ ನೀವು ಹೇಳಿದ್ದು ಪರದೆಯ ಮೇಲೆ ಸಾಮಾನ್ಯವಾಗಿ ಅಕ್ಷರದಲ್ಲಿ ಕಾಣುತ್ತದೆ. ಉತ್ತರಕ್ಕಿಂತ ಮೊದಲು ಆ ಸಾಲು ಓದುವ ಅಭ್ಯಾಸ ಮಾಡಿಕೊಳ್ಳಿ. ಓದಲು ಬಾರದವರ ಫೋನಾಗಿದ್ದರೆ ಮನೆಯವರು ಒಂದು ದಿನ ಪಕ್ಕದಲ್ಲಿ ಕೂತು ಅದನ್ನು ಓದಿ ನೋಡಿ, ಯಾವ ಪದ ತಪ್ಪುತ್ತಿದೆ ಅಂತ ಅಲ್ಲೇ ಸಿಗುತ್ತದೆ.

ಏನು ಬೇಕು ಅಂತ ತಿಳಿಯುವುದು

ಅಕ್ಷರ ಸಿಕ್ಕ ಮೇಲೆ ಎರಡು ವಿಷಯ ಹುಡುಕುತ್ತದೆ. ಇವರಿಗೆ ಯಾವ ಕೆಲಸ ಆಗಬೇಕು, ಆ ಕೆಲಸಕ್ಕೆ ಬೇಕಾದ ವಿವರ ಯಾವುವು. ನಮ್ಮ ಪ್ರಶ್ನೆಯಲ್ಲಿ ಕೆಲಸ ಹವಾಮಾನ ನೋಡುವುದು. ವಿವರ ಎರಡು: ಊರು ಜಗಳೂರು, ದಿನ ನಾಳೆ. "ಜಗಳೂರಲ್ಲಿ" ಅನ್ನುವುದರಿಂದ "ಅಲ್ಲಿ" ಕಿತ್ತು ಹಾಕಿ ಊರು ತೆಗೆಯಬೇಕು. ಫೋನಿನ ಕ್ಯಾಲೆಂಡರ್ ನೋಡಿ "ನಾಳೆ"ಯನ್ನು ತಾರೀಖು ಮಾಡಬೇಕು.

ಈ "ನಾಳೆ"ಯಲ್ಲಿ ಒಂದು ಸಿಕ್ಕು ಇದೆ. ರಾತ್ರಿ ಹನ್ನೆರಡೂವರೆಗೆ ತರಕಾರಿ ಲೋಡ್ ಮಾಡಿ ಮಲಗುವ ಮುಂಚೆ "ನಾಳೆ ಬೆಳಿಗ್ಗೆ ಐದೂವರೆಗೆ ಎಬ್ಬಿಸು" ಅಂದರೆ, ನಿಮ್ಮ ಲೆಕ್ಕದಲ್ಲಿ ಇನ್ನು ಐದು ಗಂಟೆ ಬಿಟ್ಟು. ಫೋನಿನ ಲೆಕ್ಕದಲ್ಲಿ ಆಗಲೇ ತಾರೀಖು ಬದಲಾಗಿದೆ, ನಾಳೆ ಅಂದರೆ ಅದರ ಮರುದಿನ. ಹನ್ನೆರಡು ಗಂಟೆ ದಾಟಿದ ಮೇಲೆ "ಇವತ್ತು ಬೆಳಿಗ್ಗೆ" ಅನ್ನಿ, ಇಲ್ಲವೇ "ಇನ್ನು ಐದು ಗಂಟೆ ಬಿಟ್ಟು ಎಬ್ಬಿಸು" ಅನ್ನಿ. ಅಲಾರಂ ಇಟ್ಟ ಮೇಲೆ ಯಾವ ದಿನಕ್ಕೆ ಇಟ್ಟಿತು ಅಂತ ನೋಡಿ ಮಲಗಿ. "ಐದೂಮುಕ್ಕಾಲು" ಹಿಡಿಯದಿದ್ದರೆ "ಐದು ನಲವತ್ತೈದು" ಅನ್ನಿ. ಬೆಳಿಗ್ಗೆಯೋ ಸಂಜೆಯೋ ಯಾವಾಗಲೂ ಹೇಳಿ.

ಇನ್ನೊಂದು ಉದಾಹರಣೆ ನಮ್ಮ ರೈತರದ್ದೇ. "ಆರಿದ್ರಾ ಮಳೆ ಯಾವಾಗ?" ಕೇಳುವವರಿಗೆ ಬೇಕಾದದ್ದು ತಾರೀಖು, ಜೂನ್ ಮೂರನೇ ವಾರದ ಹೊತ್ತಿಗೆ ಶುರುವಾಗುವ ನಕ್ಷತ್ರದ ಲೆಕ್ಕ. ಅಸಿಸ್ಟೆಂಟ್‌ಗೆ "ಮಳೆ", "ಯಾವಾಗ" ಎರಡು ಕಂಡವು, ಹವಾಮಾನ ಹೇಳಲು ಹೋಗಿಬಿಡಬಹುದು. "ಈ ವರ್ಷ ಆರಿದ್ರಾ ನಕ್ಷತ್ರ ಯಾವ ತಾರೀಖಿಗೆ ಶುರು" ಅಂತ ಕೇಳಿದರೆ ದಾರಿ ಸರಿ ಹೋಗುತ್ತದೆ. ಕೆಲಸದ ಪದವನ್ನು ಸ್ಪಷ್ಟವಾಗಿ ಇಡುವುದು ಅಂದರೆ ಇದೇ: ತಾರೀಖು ಬೇಕಾದರೆ ತಾರೀಖು ಅನ್ನಿ, ದಾರಿ ಬೇಕಾದರೆ "ಚನ್ನಗಿರಿಗೆ ದಾರಿ ತೋರಿಸು" ಅನ್ನಿ. "ಚನ್ನಗಿರಿ ಹೆಂಗೆ" ಅಂದರೆ ಊರಿನ ವರ್ಣನೆ ಓದಲು ಶುರು ಮಾಡಬಹುದು.

ಫೋನ್ ಮಾಡಿಸುವವರಿಗೆ ಅತಿ ದೊಡ್ಡ ಉಪಕಾರ ಅಂದರೆ ಕಾಂಟ್ಯಾಕ್ಟ್ ಹೆಸರು ಸರಿ ಮಾಡುವುದು. ಅಸಿಸ್ಟೆಂಟ್‌ಗೆ ಅನುಮತಿ ಕೊಟ್ಟಿದ್ದರೆ ಅದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ನೋಡಿ ಆ ಹೆಸರುಗಳಿಗೆ ಜಾಸ್ತಿ ಅಂಕ ಕೊಡುತ್ತದೆ. ಆದರೆ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅರ್ಧಂಬರ್ಧ ಹೆಸರು, ಎರಡು ಚುಕ್ಕಿ, ಒಂದು ನಂಬರ್ ಹೀಗಿದ್ದರೆ ಏನು ಹೊಂದಿಸೀತು? ನೀವು ಬಾಯಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಕನ್ನಡ ಅಕ್ಷರದಲ್ಲಿ ಸೇವ್ ಮಾಡಿ: "ಟ್ಯಾಂಕರ್ ಮಂಜಣ್ಣ", "ಜೆಸಿಬಿ ಬಸಣ್ಣ", "ದೊಡ್ಡಮ್ಮ ಹರಿಹರ". ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ಕೆಲಸವೋ ಊರೋ ಸೇರಿಸಿ. ಅಪ್ಪ ಅಮ್ಮನ ಫೋನಿನಲ್ಲಿ ಈ ಒಂದು ಕೆಲಸಕ್ಕೆ ಒಂದು ಸಂಜೆ ಕೊಡಿ.

ಉತ್ತರ ಎಲ್ಲಿಂದ ಬರುತ್ತದೆ, ಎಷ್ಟು ನಂಬಬೇಕು

ಅಲಾರಂ, ಟಾರ್ಚ್ ಥರದ ಕೆಲಸ ಫೋನಿನ ಒಳಗೇ ಆಗುತ್ತದೆ. ಮಳೆಯ ವಿಷಯ ಹಾಗಲ್ಲ. ಅಸಿಸ್ಟೆಂಟ್‌ಗೆ ಮೋಡ ಕಾಣುವುದಿಲ್ಲ, ಅದು ಹವಾಮಾನ ಸೇವೆಯೊಂದನ್ನು ಕೇಳಿ ಅಲ್ಲಿ ಬಂದ ಅಂಕಿಯನ್ನು ಹೇಳುತ್ತದೆ. ಆ ಅಂಕಿ ಒಂದು ದೊಡ್ಡ ಪ್ರದೇಶದ್ದು. ಜಗಳೂರಿನಂಥ ಬರದ ತಾಲ್ಲೂಕಿನಲ್ಲಿ ಒಂದು ಹೊಲಕ್ಕೆ ಸುರಿದು ಪಕ್ಕದ್ದಕ್ಕೆ ಹನಿ ಬೀಳದಿರುವುದು ನಮಗೆ ಗೊತ್ತೇ ಇದೆ. ಬಿತ್ತನೆ, ಔಷಧಿ ಹೊಡೆಯುವುದು ಇಂಥ ದುಡ್ಡಿನ ತೀರ್ಮಾನಕ್ಕೆ ಅಸಿಸ್ಟೆಂಟ್ ಒಂದನ್ನೇ ನೆಚ್ಚಬೇಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆ ಮಾಪಕಗಳಿವೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಅಡಿಕೆ ರೇಟಿನ ವಿಷಯದಲ್ಲಿ ಇನ್ನೂ ಹುಷಾರು. ಹೊಸ ಅಸಿಸ್ಟೆಂಟ್‌ಗಳು ದೊಡ್ಡ ಭಾಷಾ ಮಾದರಿಗಳ ಮೇಲೆ, ಅಂದರೆ ರಾಶಿ ರಾಶಿ ಬರಹ ಓದಿ ಮಾತು ಕಟ್ಟಲು ಕಲಿತ ಪ್ರೋಗ್ರಾಂಗಳ ಮೇಲೆ, ನಡೆಯುತ್ತವೆ. ಇವುಗಳ ಜೊತೆ ಮಾತು ಸಲೀಸು. "ಜಗಳೂರಲ್ಲಿ ಮಳೆ ಬರ್ತೈತಾ" ಅಂತ ಕೇಳಿ, "ಹಂಗಾದ್ರೆ ಹೊಳಲ್ಕೆರೆಲಿ?" ಅಂದರೆ ಹಿಂದಿನ ಮಾತು ನೆನಪಿಟ್ಟುಕೊಂಡು ಉತ್ತರಿಸುತ್ತವೆ. ಆದರೆ ಗೊತ್ತಿಲ್ಲದ್ದನ್ನೂ ಅಷ್ಟೇ ಸಲೀಸಾಗಿ ಹೇಳಿಬಿಡುತ್ತವೆ. "ಚನ್ನಗಿರಿ ರಾಶಿ ಅಡಿಕೆ ಇವತ್ತಿನ ರೇಟು" ಕೇಳಿದರೆ ಹಳೆಯ ಪುಟದ ಅಂಕಿಯನ್ನು ಇವತ್ತಿನದು ಅನ್ನುವ ಧಾಟಿಯಲ್ಲಿ ಓದಬಹುದು. ಯಾವ ತಾರೀಖಿನ ರೇಟು, ಎಲ್ಲಿಂದ ತೆಗೆದದ್ದು ಅಂತ ಮರುಪ್ರಶ್ನೆ ಹಾಕಿ. ಆಮೇಲೆ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಒಮ್ಮೆ ತಾಳೆ ನೋಡಿ.

"ಏನೋ ತೊಂದರೆಯಾಗಿದೆ" ಅಂತ ಮಾತ್ರ ಹೇಳಿ ನಿಲ್ಲುತ್ತಿದ್ದರೆ ನೆಟ್ ನೋಡಿ, ಅನುಮತಿ ನೋಡಿ. ಲೊಕೇಶನ್ ಕೊಡದೆ "ಹತ್ತಿರದ ಪೆಟ್ರೋಲ್ ಬಂಕ್" ಕೇಳಿದರೆ ಅದಾದರೂ ಏನು ಮಾಡೀತು. ನೆಟ್ ಕೈಕೊಡುವ ಊರಾದರೆ ಕೀಬೋರ್ಡಿನ ವಾಯ್ಸ್ ಟೈಪಿಂಗ್ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಭಾಷೆಗಳ ಪಟ್ಟಿ ತೆಗೆಯಿರಿ, ನಿಮ್ಮ ಫೋನಿಗೆ ಕನ್ನಡ ಸಿಗುತ್ತಿದ್ದರೆ ಇಳಿಸಿಕೊಳ್ಳಿ.

ಬಾಯಿಬಿಟ್ಟು ಹೇಳುವುದು

ಕೊನೆಗೆ ಉತ್ತರದ ಅಕ್ಷರ ಮತ್ತೆ ದನಿಯಾಗುತ್ತದೆ. ಮೊದಲೆಲ್ಲ ಒಬ್ಬರ ದನಿಯನ್ನು ಚೂರು ಚೂರಾಗಿ ರೆಕಾರ್ಡ್ ಮಾಡಿ ಅಂಟಿಸುತ್ತಿದ್ದರು, ಕಿವಿಗೆ ಒರಟಾಗಿತ್ತು. 2016ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ಕಂಪನಿಯ ವೇವ್‌ನೆಟ್ ಅನ್ನುವ ಪ್ರೋಗ್ರಾಂ ಬಂದ ಮೇಲೆ ದನಿಯ ಅಲೆಯನ್ನೇ ಹೊಸದಾಗಿ ಕಟ್ಟುವ ದಾರಿ ಸಿಕ್ಕಿತು. ಬರೆದ ಹಾಗೇ ಓದುವ ಭಾಷೆ ನಮ್ಮದು, ಆ ಮಟ್ಟಿಗೆ ಕೆಲಸ ಸುಲಭ. ಎಡವುವುದು ಅಂಕಿಗಳಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಊರಿನ ಹೆಸರುಗಳಲ್ಲಿ. ಹಿರಿಯರಿಗೆ ಓದುವ ವೇಗ ಜಾಸ್ತಿ ಅನ್ನಿಸಿದರೆ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಸ್ಪೀಚ್ ರೇಟ್ ತಗ್ಗಿಸಿ ನೋಡಿ.

ನಿಮ್ಮ ದನಿ, ನಮ್ಮ ಕನ್ನಡ

ಎಚ್ಚರವಾದ ಮೇಲೆ ನೀವು ಹೇಳಿದ್ದು ಹಲವು ಸಲ ಕಂಪನಿಯ ಸರ್ವರ್‌ಗೆ ಹೋಗುತ್ತದೆ. 2019ರಲ್ಲಿ ಗೂಗಲ್, ಅಮೆಜಾನ್, ಆಪಲ್ ಮೂರೂ ಕಂಪನಿಗಳ ಅಸಿಸ್ಟೆಂಟ್ ರೆಕಾರ್ಡಿಂಗ್‌ಗಳಲ್ಲಿ ಕೆಲವನ್ನು ಮನುಷ್ಯರು ಕೂತು ಕೇಳುತ್ತಿದ್ದಾರೆ ಅನ್ನುವುದು ಸುದ್ದಿಯಾಯಿತು. ಆಮೇಲೆ ಬಳಸುವವರ ಕೈಗೆ ಜಾಸ್ತಿ ಹಿಡಿತ ಕೊಟ್ಟರು. ಗೂಗಲ್ ಖಾತೆಯ ಮೈ ಆಕ್ಟಿವಿಟಿ ಪುಟದಲ್ಲಿ ನಿಮ್ಮ ದನಿ ಉಳಿಸಿಕೊಳ್ಳುತ್ತಿದೆಯಾ ಅಂತ ನೋಡಬಹುದು, ಅಳಿಸಬಹುದು, ನಿಲ್ಲಿಸಬಹುದು. ಒಟಿಪಿ, ಪಿನ್ ಇಂಥವನ್ನು ಯಾವ ಅಸಿಸ್ಟೆಂಟ್‌ಗೂ ಬಾಯಲ್ಲಿ ಹೇಳಬೇಡಿ.

ಗೊತ್ತಿಲ್ಲದೆ ದನಿ ಹೋಗುವುದು ಬೇರೆ, ತಿ​ಳಿದು ಕೊಡುವುದು ಬೇರೆ. ನಮ್ಮ ಕಡೆಯ ಮಾತು ಪ್ರೋಗ್ರಾಂಗಳಿಗೆ ಕಡಿಮೆ ಗೊತ್ತಿರುವುದಕ್ಕೆ ಕಾರಣ ಅವು ಅದನ್ನು ಕಡಿಮೆ ಕೇಳಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯಿಂದ ಮಾತು ಸಂಗ್ರಹಿಸುತ್ತಾರೆ. ಜನರಿಗೆ ಚಿತ್ರ ತೋರಿಸಿ ತಮ್ಮ ಮಾತಿನಲ್ಲೇ ವಿವರಿಸಲು ಕೇಳುತ್ತಾರೆ. ಈ ರೀತಿ ನನಗೆ ಬಹಳ ಇಷ್ಟ, ಯಾಕೆಂದರೆ ಬರೆದ ಸಾಲು ಓದಿಸಿದರೆ "ಬರುತ್ತದೆ" ಸಿಗುತ್ತದೆ, ಚಿತ್ರ ತೋರಿಸಿದರೆ "ಬರ್ತೈತಿ" ಸಿಗುತ್ತದೆ.

ಮನೆಯಲ್ಲೇ ಕೂತು ಮಾಡಲು ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಭಾಷಿಣಿ ಯೋಜನೆಯ ಭಾಷಾದಾನ ವೆಬ್‌ಸೈಟ್ ಇದೆ. ಅದರಲ್ಲಿ ಬೋಲೋ ಇಂಡಿಯಾ ಅನ್ನುವ ಭಾಗಕ್ಕೆ ಹೋಗಿ, ಕನ್ನಡ ಆರಿಸಿ, ಪರದೆಯ ಮೇಲಿನ ವಾಕ್ಯವನ್ನು ನಿಮ್ಮ ಸಹಜ ಧಾಟಿಯಲ್ಲಿ ಓದಿ. ಸುನೋ ಇಂಡಿಯಾದಲ್ಲಿ ದನಿ ಕೇಳಿ ಅಕ್ಷರದಲ್ಲಿ ಬರೆಯುವ ಕೆಲಸ. ಬೇರೆಯವರು ಓದಿದ್ದು ಸರಿಯಿದೆಯಾ ಅಂತ ಪರಿಶೀಲಿಸುವ ಅವಕಾಶವೂ ಇದೆ. ಅಲ್ಲಿ ಕಲಬುರಗಿಯವರದ್ದೋ ಮಂಗಳೂರಿನವರದ್ದೋ ದನಿ ಬಂದು, ಕಿವಿಗೆ ಬೇರೆ ಥರ ಅನ್ನಿಸಿತು ಅಂತ ತಪ್ಪು ಗುರುತು ಒತ್ತಬೇಡಿ. ಪದ ಬಿಟ್ಟಿದ್ದರೆ, ಬೇರೆ ಪದ ಓದಿದ್ದರೆ, ಗದ್ದಲದಲ್ಲಿ ಮಾತು ಮುಳುಗಿದ್ದರೆ ಮಾತ್ರ ಒತ್ತಿ.